ಬಿಡಲೊಲ್ಲದ ಬ್ರೇಕು

ಬ್ರೇಕ್ ಹಿಡಿಯದ ಗಾಡಿಯ ಕಥೆ ಎಲ್ಲರ ಹತ್ತಿರವೂ ಒಂದೊಂದು ಇರುತ್ತೆ. ಹಿಡಿದ ಬ್ರೇಕು ಬಿಡದೇ ಇರೋ ಕಾರಿನ ಕಥೆ ಕೇಳಿದ್ದೀರಾ? ನನ್ನ ಪಾಲಿಗೆ ಬಂದಿದ್ದು ಅದು.

ಕಳೆದ ಡಿಸೆಂಬರಿನಲ್ಲಿ ನಾಲ್ಕು ದಿನ ರಜೆ ಹಾಕಿ ಬಾಳೆಹೊನ್ನೂರು ಕಡೆಯ ಗೆಳೆಯನೊಬ್ಬನ ಮನೆಗೆ ಹೋಗಿದ್ದೆ. ಅವರ ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ 1929ರ ಫೋರ್ಡ್ ಮಾಡೆಲ್ ಎ ಕಾರು ಇದೆ. ಅವನ ಮುತ್ತಜ್ಜ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದಂತೆ. ಮೂವತ್ತು ವರ್ಷ ಕೋಳಿಗಳಿಗೆ ಮನೆಯಾಗಿದ್ದ ಕಾರನ್ನು ಗೆಳೆಯ ಎರಡು ವರ್ಷ ಕಷ್ಟಪಟ್ಟು, ಅಲ್ಲಿ ಇಲ್ಲಿ ಪಾರ್ಟು ತರಿಸಿ, ಓಡೋ ಹಾಗೆ ಮಾಡಿದ್ದ. ಅವರಜ್ಜನಿಗೆ ಈಗ ಎಂಬತ್ತಾರು. ಚಿಕ್ಕ ಹುಡುಗನಾಗಿದ್ದಾಗ ಅಪ್ಪನ ಪಕ್ಕ ಕೂತು ಪೇಟೆಗೆ ಹೋಗಿದ್ದ ಕಾರು ಅದು, ಇನ್ನೊಂದು ಸಲ ಅದರಲ್ಲೇ ಪೇಟೆಗೆ ಹೋಗಬೇಕು ಅಂತ ಅವರಿಗೊಂದು ಆಸೆ. ಎಲ್ಲಾ ಸರಿ, ಆದರೆ ಕಾರು ಒಂದು ಫರ್ಲಾಂಗ್ ಹೋಗುವಷ್ಟರಲ್ಲಿ ಎತ್ತು ಮೊಂಡು ಹಿಡಿದ ಹಾಗೆ ನಿಲ್ಲುತ್ತಿತ್ತು. ಇಳಿದು ನೋಡಿದರೆ ಹಿಂದಿನ ಚಕ್ರದಿಂದ ಸುಟ್ಟ ವಾಸನೆ, ಡ್ರಮ್ ಮುಟ್ಟಿದರೆ ಕೈ ಚುರ್ರ್!

ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗು, ಉಣ್ಣುತ್ತಿರುವುದು ಜಾವಾದ ಅನ್ನ. "ನೀನು ಮೆಕ್ಯಾನಿಕಲ್ ಅಲ್ವೇನೋ, ನೋಡು ಮಾರಾಯ" ಅಂದ. ಇಂಥ ಮಾತಿಗೆ ನಾನು ಬೇಗ ಉಬ್ಬಿಬಿಡುತ್ತೇನೆ.

ಈ ಕಾರಿನ ಬ್ರೇಕಿನಲ್ಲಿ ಎಣ್ಣೆ ಇಲ್ಲ, ಪೈಪ್ ಇಲ್ಲ. ಪೆಡಲ್ ಒತ್ತಿದರೆ ಕಾರಿನ ಹೊಟ್ಟೆಯಡಿ ಅಡ್ಡಕ್ಕೆ ಮಲಗಿರುವ ಒಂದು ಶಾಫ್ಟು ತಿರುಗುತ್ತೆ. ಅದರಿಂದ ನಾಲ್ಕು ಚಕ್ರಕ್ಕೆ ನಾಲ್ಕು ಕಬ್ಬಿಣದ ಸರಳು. ಸರಳು ಎಳೆದರೆ ಚಕ್ರದ ಡ್ರಮ್ಮಿನೊಳಗಿನ ಎರಡು ಶೂಗಳು ಅಗಲವಾಗಿ ಡ್ರಮ್ಮಿಗೆ ಒತ್ತಿಕೊಳ್ಳುತ್ತವೆ. ಕಾಲು ತೆಗೆದರೆ ಸ್ಪ್ರಿಂಗುಗಳು ಎಲ್ಲವನ್ನೂ ವಾಪಸ್ ಎಳೆಯಬೇಕು. ಇಷ್ಟೇ. ಸರಳುಗಳ ತುದಿಯಲ್ಲಿ ಮರೆ ಇದೆ, ತಿರುಗಿಸಿದರೆ ಉದ್ದ ಹೆಚ್ಚು ಕಮ್ಮಿ ಮಾಡಬಹುದು. ಹಿಂದೆ ಯಾರೋ ಬ್ರೇಕು ಟೈಟ್ ಆಗಲಿ ಅಂತ ಸರಳುಗಳನ್ನು ಗಿಡ್ಡ ಮಾಡಿಟ್ಟಿದ್ದರು. ಹಾಗಾದ್ರೆ ಉದ್ದ ಮಾಡಿದರಾಯ್ತು! ನಾಲ್ಕೂ ಸರಳು ಸಡಿಲಿಸಿದೆ, ಚಕ್ರಗಳು ಗಿರ್ರನೆ ತಿರುಗಿದವು. ಅರ್ಧ ಗಂಟೆಯ ಕೆಲಸ. ಕಾಫಿ ಕುಡಿದು, ಅಜ್ಜನನ್ನು ಹಿಂದಿನ ಸೀಟಲ್ಲಿ ಕೂರಿಸಿಕೊಂಡು ಹೊರಟೆವು.

ಮನೆಯಿಂದ ಟಾರ್ ರಸ್ತೆಗೆ ಇಳಿಜಾರು. ಎಡಕ್ಕೆ ದರೆ, ಬಲಕ್ಕೆ ಕೊರಕಲು. ತಿರುವಿನ ಹತ್ತಿರ ಗೆಳೆಯ ಬ್ರೇಕ್ ಒತ್ತಿದ. ಪೆಡಲ್ ಅರ್ಧ ದೂರ ಪೊಳ್ಳಾಗಿ ಹೋಯ್ತು. ಇನ್ನೂ ಒತ್ತಿದ. ಮುಂದಿನ ಎಡಗಡೆ ಚಕ್ರ ಒಂದೇ ಕಚ್ಚಿಕೊಂಡಿತು, ಉಳಿದ ಮೂರಕ್ಕೆ ಸುದ್ದಿಯೇ ಮುಟ್ಟಿಲ್ಲ. ಸ್ಟೀರಿಂಗು ಅವನ ಕೈಯಿಂದ ಕಿತ್ತುಕೊಂಡು ಕಾರು ಎಡಕ್ಕೆ ತಿರುಗಿ ದರೆಗೆ ಹೋಗಿ ಗುದ್ದಿ ನಿಂತಿತು. ಮಡ್‌ಗಾರ್ಡು ಮಡಚಿತು, ಒಂದು ದೀಪ ಒಡೆಯಿತು. ಯಾರಿಗೂ ಏನೂ ಆಗಲಿಲ್ಲ. ಅಜ್ಜ ನಿಧಾನಕ್ಕೆ ಇಳಿದು, ಪಂಚೆ ಸರಿ ಮಾಡಿಕೊಂಡು, ಬಲಗಡೆಯ ಕೊರಕಲು ಒಂದು ಸಲ ನೋಡಿ "ಈಚೆಗೆ ಎಳೆದಿದ್ರೆ?" ಅಂದರು. ಅಷ್ಟೇ ಅಂದಿದ್ದು. ನನಗೆ ರಾತ್ರಿ ನಿದ್ದೆ ಬರಲಿಲ್ಲ.

ತಪ್ಪು ಪೂರ್ತಿ ನನ್ನದು. ಬಿಡದ ಬ್ರೇಕನ್ನು ಬಿಡಿಸಲು ಹೋಗಿ ಹಿಡಿಯದ ಬ್ರೇಕು ಮಾಡಿಟ್ಟಿದ್ದೆ. ಎರಡರ ನಡುವಿನ ಅಂತರ ಒಂದು ಕೂದಲೆಳೆ, ಆ ಕೂದಲೆಳೆ ನಾಲ್ಕು ಚಕ್ರದಲ್ಲೂ ಒಂದೇ ಸಮ ಇರಬೇಕು. ಆದರೆ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಇಷ್ಟು ಸೂಕ್ಷ್ಮವಾದ, ಇಷ್ಟು ಬೇಗ ಕೆಡಬಹುದಾದ ವ್ಯವಸ್ಥೆಯನ್ನು ಫೋರ್ಡ್ ಅಂಥ ಕಂಪನಿ ಲಕ್ಷಾಂತರ ಕಾರುಗಳಲ್ಲಿ ಯಾಕೆ ಹಾಕಿತು? ಅದೂ ಎಣ್ಣೆಯ ಬ್ರೇಕು ಆಗಲೇ ಮಾರುಕಟ್ಟೆಯಲ್ಲಿದ್ದಾಗ? ಅಲ್ಲಿಂದ ಶುರುವಾದ ಓದು ಬೆಂಗಳೂರಿಗೆ ಬಂದ ಮೇಲೂ ನಿಲ್ಲಲಿಲ್ಲ.

ಮೊದಲು ನಾವು ಮರೆತಿರೋ ಒಂದು ವಿಷಯ. ಕಾರಿನ ಮುಂದಿನ ಚಕ್ರಕ್ಕೆ ಬ್ರೇಕು ಬಂದಿದ್ದು ತೀರಾ ತಡವಾಗಿ. ಶುರುವಿನ ಕಾರುಗಳಿಗೆಲ್ಲ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬ್ರೇಕು, ಜೊತೆಗೆ ಗೇರ್‌ಬಾಕ್ಸ್ ಕಡೆ ಇನ್ನೊಂದು. 1908ರಿಂದ 1927ರವರೆಗೆ ಓಡಿದ ಫೋರ್ಡ್ ಮಾಡೆಲ್ ಟಿಯಲ್ಲಿ ಕಾಲಿನ ಬ್ರೇಕು ಚಕ್ರವನ್ನು ಮುಟ್ಟುತ್ತಲೇ ಇರಲಿಲ್ಲ, ಗೇರುಗಳ ಪೆಟ್ಟಿಗೆಯೊಳಗಿನ ಡ್ರಮ್ಮಿಗೆ ಸುತ್ತಿದ ಒಂದು ಪಟ್ಟಿಯನ್ನು ಬಿಗಿಯುತ್ತಿತ್ತು. ಕೈ ಲಿವರ್ ಎಳೆದರೆ ಹಿಂದಿನ ಚಕ್ರ. ಆದರೆ ಕಾರು ನಿಲ್ಲುವಾಗ ಭಾರ ಮುಂದಕ್ಕೆ ಬೀಳುತ್ತೆ, ಬಸ್ಸು ಬ್ರೇಕ್ ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ಬೀಳಲ್ವಾ ಹಾಗೆ. ಅಂದರೆ ನಿಲ್ಲಿಸುವ ಶಕ್ತಿ ಹೆಚ್ಚಿರೋದು ಮುಂದಿನ ಚಕ್ರದಲ್ಲಿ. ಅಲ್ಲೇ ಬ್ರೇಕಿಲ್ಲ!

ಕಾರಣ ಸುಲಭ. ಮುಂದಿನ ಚಕ್ರ ಸ್ಟೀರಿಂಗ್ ಜೊತೆ ತಿರುಗುತ್ತೆ, ಸ್ಪ್ರಿಂಗ್ ಮೇಲೆ ಕುಣಿಯುತ್ತೆ. ಹೀಗೆ ಓಲಾಡುವ ಚಕ್ರಕ್ಕೆ ಒಂದು ಸರಳನ್ನು ಕಟ್ಟಿದರೆ ಚಕ್ರ ತಿರುಗಿದಾಗೆಲ್ಲ ಸರಳು ಎಳೆಯುತ್ತೆ, ಬೇಡದಿದ್ದಾಗ ಬ್ರೇಕು ಹಿಡಿಯುತ್ತೆ. ಬ್ರೇಕು ಜಾಮ್ ಆಗುವ ತೊಂದರೆ ಹುಟ್ಟಿದ್ದೇ ಇಲ್ಲಿ ಅನ್ನಬಹುದು. 1909ರಲ್ಲಿ ಸ್ಕಾಟ್ಲೆಂಡಿನ ಆರಲ್-ಜಾನ್ಸ್ಟನ್ ಕಂಪನಿ ನಾಲ್ಕು ಚಕ್ರಕ್ಕೂ ಬ್ರೇಕು ಹಾಕಿ, ಸ್ವಲ್ಪ ಕಾಲದಲ್ಲೇ ಕೈಬಿಟ್ಟಿತು. ಇಟಲಿಯ ಇಸೊಟ್ಟಾ ಫ್ರಾಸ್ಕಿನಿ ಸುಮಾರು ಅದೇ ಹೊತ್ತಿಗೆ ಪ್ರಯತ್ನಿಸಿತು. ಸ್ಕಾಟ್ಲೆಂಡಿನದೇ ಆರ್ಗೈಲ್ ಕಂಪನಿಯಲ್ಲಿದ್ದ ಆನ್ರಿ ಪೆರೊ ಎಂಬ ಫ್ರೆಂಚ್ ಎಂಜಿನಿಯರ್ ಇದಕ್ಕೊಂದು ಉಪಾಯ ಹುಡುಕಿದ. ಚಕ್ರ ಯಾವ ಗೂಟದ ಮೇಲೆ ತಿರುಗುತ್ತೋ ಸರಿಯಾಗಿ ಆ ಗೂಟದ ಗೆರೆಯ ಮೇಲೇ ಬ್ರೇಕಿನ ಶಾಫ್ಟಿನ ಕೀಲು ಬರುವಂತೆ ಮಾಡುವುದು. ಚಕ್ರ ಎಷ್ಟೇ ತಿರುಗಲಿ, ಗೂಟ ಅಲ್ಲೇ ಇರುತ್ತಲ್ಲ! ಮುಂದೆ ಅಮೆರಿಕದ ವಿನ್ಸೆಂಟ್ ಬೆಂಡಿಕ್ಸ್ ಪೆರೊನಿಂದ ಹಕ್ಕು ಪಡೆದು ಬ್ರೇಕಿನ ದೊಡ್ಡ ಉದ್ಯಮವನ್ನೇ ಕಟ್ಟಿದ.

1914ರ ಜುಲೈ 4ರಂದು ಫ್ರಾನ್ಸಿನ ಲಿಯಾನ್‌ನಲ್ಲಿ ನಡೆದ ಗ್ರ್ಯಾಂಡ್ ಪ್ರಿ ರೇಸು ಈ ಕಥೆಯಲ್ಲಿ ನನಗೆ ಬಹಳ ಹಿಡಿಸಿದ ಭಾಗ. ಪ್ಯೂಜೊ, ಡೆಲಾಜ್, ಫಿಯಟ್ ಕಾರುಗಳಿಗೆ ನಾಲ್ಕು ಚಕ್ರದ ಬ್ರೇಕು. ಮರ್ಸಿಡಿಸ್‌ಗೆ ಹಿಂದೆ ಮಾತ್ರ. ಗೆದ್ದಿದ್ದು ಯಾರು? ಮೊದಲ ಮೂರೂ ಸ್ಥಾನ ಮರ್ಸಿಡಿಸ್‌ಗೇ! ಹೊಸ ತಂತ್ರಜ್ಞಾನ ಒಳ್ಳೆಯದಾಗಿದ್ದ ಮಾತ್ರಕ್ಕೆ ಗೆಲ್ಲುತ್ತೆ ಅಂತೇನಿಲ್ಲ, ಆಫೀಸಿನಲ್ಲಿ ನಾವೂ ನೋಡಿದ್ದೇವೆ ಬಿಡಿ :-) ಒಂದು ತಿಂಗಳೊಳಗೆ ಮಹಾಯುದ್ಧ ಶುರುವಾಗಿ ರೇಸು, ಬ್ರೇಕು ಎಲ್ಲ ಬದಿಗೆ ಸರಿದವು.

ಯುದ್ಧ ಮುಗಿದ ಮೇಲೆ, 1920ರ ದಶಕದಲ್ಲಿ, ನಾಲ್ಕು ಚಕ್ರದ ಬ್ರೇಕು ಒಂದೊಂದೇ ಕಂಪನಿಗೆ ಹಬ್ಬಿತು. ಜನಕ್ಕೆ ಭಯವೂ ಇತ್ತು. ಮುಂದಿನ ಚಕ್ರ ಕಚ್ಚಿಕೊಂಡರೆ ಕಾರು ಮಗುಚುತ್ತೆ ಅನ್ನೋರು ಕೆಲವರು. ಅಮೆರಿಕದ ಸ್ಟೂಡಿಬೇಕರ್ ಕಂಪನಿ ಜಾಹೀರಾತು ಕೊಟ್ಟೇ ಇದನ್ನು ವಿರೋಧಿಸಿತು. ಇಂಗ್ಲೆಂಡಿನಲ್ಲಿ ನಾಲ್ಕು ಚಕ್ರದ ಬ್ರೇಕಿರುವ ಕಾರಿನ ಬೆನ್ನಿಗೆ ಕೆಂಪು ತ್ರಿಕೋನ ಅಂಟಿಸುತ್ತಿದ್ದರು. ಹಿಂದೆ ಬರುವವನೇ, ಹುಷಾರು, ಇವನು ನಿನಗಿಂತ ಬೇಗ ನಿಲ್ತಾನೆ ಅಂತ. ಪುಟ್ಟ ಆಸ್ಟಿನ್ ಸೆವೆನ್ ಕಾರಿನ ಮಾತಂತೂ ಮಜಾ. ಅದಕ್ಕೆ ಮೊದಲಿನಿಂದಲೂ ನಾಲ್ಕು ಚಕ್ರಕ್ಕೆ ಬ್ರೇಕು, ಆದರೆ ಕಾಲಿನದು ಹಿಂದಕ್ಕೆ, ಕೈಯದು ಮುಂದಕ್ಕೆ! ಎರಡನ್ನೂ ಪೆಡಲಿಗೇ ಜೋಡಿಸಿದ್ದು 1930ರಲ್ಲಿ.

ಮುಂದಿನ ಚಕ್ರಕ್ಕೆ ಬ್ರೇಕು ತಲುಪಿಸಿದ್ದಾಯ್ತು. ಈಗ ನಾಲ್ಕೂ ಸಮನಾಗಿ ಹಿಡಿಯಬೇಕು, ಸಮನಾಗಿ ಬಿಡಬೇಕು. ನಮ್ಮನ್ನು ದರೆಗೆ ಗುದ್ದಿಸಿದ್ದು ಇದೇ ಪ್ರಶ್ನೆ. ಇದಕ್ಕೆ ಒಂದು ಹಳೇ ಉತ್ತರ ಇತ್ತು. ಜೋಡೆತ್ತಿನ ನೊಗ ನೆನಪು ಮಾಡಿಕೊಳ್ಳಿ. ನಡುವೆ ಒಂದೇ ಕಡೆ ಕಟ್ಟಿರುವುದರಿಂದ ಒಂದು ಎತ್ತು ಸ್ವಲ್ಪ ಮುಂದೆ ಹೋದರೂ ನೊಗ ಓರೆಯಾಗಿ ಎಳೆತ ಎರಡಕ್ಕೂ ಹಂಚಿಹೋಗುತ್ತೆ. ಹಾಗೇ ಎರಡು ಸರಳುಗಳ ನಡುವೆ ಒಂದು ಅಡ್ಡಪಟ್ಟಿ ಹಾಕಿ ಅದರ ಮಧ್ಯವನ್ನು ಎಳೆದರೆ ಎಡ ಬಲ ಚಕ್ರಗಳು ತಾವೇ ಹೊಂದಿಕೊಳ್ಳುತ್ತವೆ. ಇದಕ್ಕೆ ಕಾಂಪೆನ್ಸೇಟರ್ ಅಂತ ಹೆಸರು, ಆ ಕಾಲದ ಎಷ್ಟೋ ಕಾರುಗಳಲ್ಲಿ ಇತ್ತು.

ಆದರೆ ಒಂದು ಸರಳು ತುಂಡಾದರೆ? ನೊಗದ ಒಂದು ಎತ್ತಿನ ಹಗ್ಗ ಹರಿದರೆ ಏನಾಗುತ್ತೋ ಅದೇ. ಪಟ್ಟಿ ತಿರುಗಿ ಬೀಳುತ್ತೆ, ಇನ್ನೊಂದು ಚಕ್ರಕ್ಕೂ ಎಳೆತವಿಲ್ಲ.

1927ರ ಡಿಸೆಂಬರ್ 2ರಂದು ಹೊರಬಂದ ಮಾಡೆಲ್ ಎ ಕಾರಿನಲ್ಲಿ ಫೋರ್ಡ್ ಈ ಕಾಂಪೆನ್ಸೇಟರನ್ನು ಹಾಕಲೇ ಇಲ್ಲ. ಅಡ್ಡ ಶಾಫ್ಟಿನಿಂದ ನಾಲ್ಕು ಸರಳು, ನಾಲ್ಕು ಚಕ್ರ, ಪ್ರತಿಯೊಂದೂ ತನ್ನ ಪಾಡಿಗೆ ತಾನು. ಒಂದು ಸರಳು ಮುರಿದರೆ ಹೋಗೋದು ಒಂದೇ ಚಕ್ರದ ಬ್ರೇಕು. ಮುಂದಿನ ಚಕ್ರದಲ್ಲಂತೂ ಪೆರೊನ ಕೀಲಿನ ಬದಲು, ಚಕ್ರ ತಿರುಗುವ ಗೂಟವನ್ನೇ ಟೊಳ್ಳು ಮಾಡಿ ಅದರೊಳಗಿಂದ ಒಂದು ಕಡ್ಡಿ ಕೆಳಕ್ಕೆ ಇಳಿಸಿ ಶೂಗಳನ್ನು ಅಗಲಿಸಿದ್ದಾರೆ. ಶೆಡ್ಡಿನಲ್ಲಿ ಮಲಗಿ ಇದನ್ನು ಮೊದಲ ಸಲ ನೋಡಿದಾಗ, ಕಾಲೇಜಿನ ನಾಲ್ಕು ವರ್ಷದಲ್ಲಿ ಇಷ್ಟು ಚೆಂದದ ಒಂದು ಉಪಾಯವನ್ನೂ ಯಾರೂ ತೋರಿಸಲಿಲ್ಲವಲ್ಲ ಅನ್ನಿಸಿತು.

ಒಂದು ಸಣ್ಣ ಪ್ರಸಂಗ ಇದೆ. ಮೊದಲ ತಿಂಗಳುಗಳ ಮಾಡೆಲ್ ಎ ಕಾರುಗಳಲ್ಲಿ ಕೈ ಬ್ರೇಕಿಗೆ ಬೇರೆ ವ್ಯವಸ್ಥೆ ಇರಲಿಲ್ಲ, ಕಾಲು ಬ್ರೇಕಿನ ಶೂಗಳನ್ನೇ ಅದೂ ಎಳೆಯುತ್ತಿತ್ತು. ಅಮೆರಿಕದ ಕೆಲವು ರಾಜ್ಯಗಳು ಇದನ್ನು ಒಪ್ಪಲಿಲ್ಲ, ಎರಡು ಬ್ರೇಕು ಅಂದರೆ ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಇರಬೇಕು ಅಂದವು. ಫೋರ್ಡ್ 1928ರಲ್ಲೇ ವಿನ್ಯಾಸ ಬದಲಿಸಿ ಹಿಂದಿನ ಡ್ರಮ್ಮಿನೊಳಗೆ ಕೈ ಬ್ರೇಕಿಗೆಂದೇ ಪ್ರತ್ಯೇಕ ಪಟ್ಟಿ ಸೇರಿಸಬೇಕಾಯಿತು. ಒಂದು ಕೆಟ್ಟರೆ ಇನ್ನೊಂದು ಉಳಿಯಬೇಕು, ಆಗಿನ ತಲೆನೋವೇ ಅದಾಗಿತ್ತು.

ಇತ್ತ ಎಣ್ಣೆಯ ಬ್ರೇಕು ಆಗಲೇ ಬೆಳೆಯುತ್ತಿತ್ತು. ಮ್ಯಾಲ್ಕಮ್ ಲಾಗ್‌ಹೆಡ್ ಅಂತ ಒಬ್ಬ. ತಮ್ಮ ಅಲನ್ ಜೊತೆ ಸೇರಿ ವಿಮಾನ ಕಟ್ಟಿದವನು, ಇವರ ಹೆಸರನ್ನು ಜನ ತಪ್ಪಾಗಿ ಉಚ್ಚರಿಸುತ್ತಿದ್ದುದರಿಂದ ಲಾಕ್‌ಹೀಡ್ ಅಂತ ಬದಲಾಯಿಸಿಕೊಂಡರು. ಹೌದು, ಅದೇ ಯುದ್ಧವಿಮಾನದ ಲಾಕ್‌ಹೀಡ್! ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತೆ ಅನ್ನೋ ಪಾಸ್ಕಲ್ ನಿಯಮ ಹೈಸ್ಕೂಲಲ್ಲಿ ಬಾಯಿಪಾಠ ಮಾಡಿದ್ದೇವಲ್ಲ, ಅದನ್ನೇ ಮ್ಯಾಲ್ಕಮ್ ಬ್ರೇಕಿಗೆ ಹಚ್ಚಿದ. ನಾಲ್ಕು ಚಕ್ರಕ್ಕೆ ನಾಲ್ಕು ಪೈಪು, ಒಂದೇ ಎಣ್ಣೆ. ಯಾವ ಚಕ್ರದ ಶೂ ಸವೆದಿದೆಯೋ ಅದಕ್ಕೆ ಎಣ್ಣೆ ತಾನಾಗಿಯೇ ಒಂದಿಷ್ಟು ಹೆಚ್ಚು ಹೋಗುತ್ತೆ, ಎಲ್ಲವೂ ಡ್ರಮ್ಮು ಮುಟ್ಟುವವರೆಗೆ ಒತ್ತಡ ಏರುವುದೇ ಇಲ್ಲ. ಪೈಪು ಬಗ್ಗುತ್ತೆ, ಹಾಗಾಗಿ ಚಕ್ರ ಎಷ್ಟು ತಿರುಗಿದರೂ ಕುಣಿದರೂ ಚಿಂತೆಯಿಲ್ಲ. ಸರಳಿನ ಎಂಜಿನಿಯರುಗಳು ಇಪ್ಪತ್ತು ವರ್ಷ ಒದ್ದಾಡಿದ ಸಮಸ್ಯೆಯನ್ನು ದ್ರವ ಪುಕ್ಕಟೆಯಾಗಿ ಬಿಡಿಸಿತು.

1921ರಲ್ಲಿ ಫ್ರಾನ್ಸಿನ ಲ ಮಾನ್‌ನಲ್ಲಿ ನಡೆದ ಗ್ರ್ಯಾಂಡ್ ಪ್ರಿ ಗೆದ್ದ ಜಿಮ್ಮಿ ಮರ್ಫಿಯ ಡ್ಯೂಸೆನ್‌ಬರ್ಗ್ ಕಾರಿಗೆ ಇದ್ದದ್ದು ಎಣ್ಣೆಯ ಬ್ರೇಕು. 1924ರಲ್ಲಿ ಕ್ರೈಸ್ಲರ್ ತನ್ನ ಹೊಸ ಕಾರಿಗೆ ಲಾಕ್‌ಹೀಡ್ ಬ್ರೇಕು ಹಾಕಿತು. ಮೊದಮೊದಲು ಚರ್ಮದ ಬಟ್ಟಲುಗಳು ಎಣ್ಣೆ ಸೋರಿಸುತ್ತಿದ್ದವು, ಕ್ರೈಸ್ಲರ್ ಎಂಜಿನಿಯರುಗಳು ರಬ್ಬರಿನದು ಮಾಡಿ ಸರಿಪಡಿಸಿದರು. 1928ರಲ್ಲಿ ಅದೇ ಕಂಪನಿಯ ಅಗ್ಗದ ಪ್ಲಿಮತ್ ಕಾರಿಗೂ ಎಣ್ಣೆಯ ಬ್ರೇಕು ಬಂತು. ಷೆವರ್ಲೆ 1936ರಲ್ಲಿ ಬದಲಾಯಿತು. ಹೆನ್ರಿ ಫೋರ್ಡ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಪೆಡಲಿನಿಂದ ಚಕ್ರದವರೆಗೂ ಗಟ್ಟಿ ಉಕ್ಕು ಅನ್ನುವುದನ್ನೇ ಜಾಹೀರಾತಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡ. ಕೊನೆಗೆ ಶರಣಾಗಿದ್ದು 1939ರ ಮಾಡೆಲ್ಲುಗಳಲ್ಲಿ.

ಮುದುಕನ ಹಟ ಅಂತ ಬಹಳ ಕಡೆ ಬರೆದಿದ್ದಾರೆ. ಹಟ ಇತ್ತು, ನಿಜ. ಆದರೆ ನನಗೆ ಅಷ್ಟೇ ಅನ್ನಿಸುವುದಿಲ್ಲ. ಎಣ್ಣೆಯ ಬ್ರೇಕು ಅಂದರೆ ಒಂದು ಲೆಕ್ಕದಲ್ಲಿ ಅದೇ ನೊಗ, ಅದೇ ಕಾಂಪೆನ್ಸೇಟರ್. ಸಮತೋಲ ತಾನೇ ಬರುತ್ತೆ, ಆದರೆ ಒಂದು ಪೈಪು ಒಡೆದರೆ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೆ ಹೋಗುತ್ತೆ. ಫೋರ್ಡ್ ಆರಿಸಿಕೊಂಡದ್ದು ಇದರ ಉಲ್ಟಾ. ಪ್ರತಿ ಚಕ್ರ ಸ್ವತಂತ್ರ, ಒಂದು ಕೆಟ್ಟರೆ ಮೂರು ಉಳಿಯುತ್ತವೆ. ಆ ಸ್ವಾತಂತ್ರ್ಯಕ್ಕೆ ಬೆಲೆ ಏನೆಂದರೆ ನಾಲ್ಕನ್ನೂ ಯಾರಾದರೂ ಕೂತು ಕೈಯಾರೆ ಸಮ ಮಾಡುತ್ತಿರಬೇಕು. ಮಾಡದಿದ್ದರೆ ಒಂದು ಕಚ್ಚಿಕೊಳ್ಳುತ್ತೆ, ಒಂದು ಸುಮ್ಮನಿರುತ್ತೆ. ಸುಮಾರು 48 ಲಕ್ಷ ಮಾಡೆಲ್ ಎ ಕಾರುಗಳ ಯಜಮಾನರೆಲ್ಲ ಅದನ್ನು ಮಾಡುತ್ತಾರೆ ಅಂತ ನಂಬಿದ್ದು ಅವನ ನಿಜವಾದ ತಪ್ಪು. ಅವನ ಭಯ ತಪ್ಪಲ್ಲ. ಯಾಕಂದರೆ ಎಣ್ಣೆಯ ಬ್ರೇಕನ್ನೇ ಎರಡು ಪ್ರತ್ಯೇಕ ಭಾಗ ಮಾಡಿ, ಒಂದು ಸೋರಿದರೂ ಇನ್ನೊಂದು ಉಳಿಯುವಂತೆ ಕ್ಯಾಡಿಲಾಕ್ ಮತ್ತು ರ್‍ಯಾಂಬ್ಲರ್ ಕಾರುಗಳು ಬಂದದ್ದು 1962ರಲ್ಲಿ. ಅಮೆರಿಕದಲ್ಲಿ ಅದು ಕಡ್ಡಾಯವಾದದ್ದು 1968ರಲ್ಲಿ. ಅಲ್ಲಿಯವರೆಗೆ ಮೂವತ್ತು ನಲವತ್ತು ವರ್ಷ ಜನ ಒಂದೇ ಪೈಪಿನ ಮೇಲೆ ಪ್ರಾಣ ಇಟ್ಟು ಓಡಾಡಿದ್ದಾರೆ. ತಮಾಷೆ ಅಂದರೆ ಫೋಕ್ಸ್‌ವ್ಯಾಗನ್ ಬೀಟಲ್‌ನ ಅಗ್ಗದ ಮಾದರಿಯಲ್ಲಿ ತಂತಿ ಬ್ರೇಕು ಕೊನೆಯಾಗಿದ್ದೂ ಅದೇ 1962ರಲ್ಲಿ.

ಮಾಡೆಲ್ ಎ ನಮ್ಮ ದೇಶಕ್ಕೆ ಬಂದದ್ದು ಕೆನಡಾದ ದಾರಿಯಲ್ಲಿ. ಬ್ರಿಟಿಷ್ ವಸಾಹತುಗಳ ಮಾರುಕಟ್ಟೆ ಕೆನಡಾದ ಫೋರ್ಡಿಗೆ ಸೇರಿತ್ತು, 1926ರಲ್ಲಿ ಅದು ಭಾರತದಲ್ಲೂ ಕಂಪನಿ ತೆರೆಯಿತು. ಬಲಗಡೆ ಸ್ಟೀರಿಂಗಿನ ಈ ಕಾರುಗಳು ಘಟ್ಟದ ಕಾಫಿ ತೋಟಗಳ ತನಕ ಬಂದವು. ಹಳೇ ಕಾರು ನೋಡುವ ಆಸೆ ಇರುವವರು ಧರ್ಮಸ್ಥಳಕ್ಕೆ ಹೋದಾಗ ಅಲ್ಲಿನ ಕಾರು ಸಂಗ್ರಹಾಲಯ ತಪ್ಪಿಸಬೇಡಿ. ಬಗ್ಗಿ ಅಡಿಯಲ್ಲಿ ನೋಡಿ, ಸರಳು ಕಾಣುತ್ತವೆ. ಕಾವಲಿನವರು ಬೈದರೆ ನಾನು ಜವಾಬ್ದಾರನಲ್ಲ.

ಮತ್ತೆ ಶೆಡ್ಡಿಗೆ. ಜನವರಿಯಲ್ಲಿ ಶನಿವಾರ ಭಾನುವಾರ ಸೇರಿಸಿ ಇನ್ನೊಮ್ಮೆ ಹೋದೆ, ಈ ಸಲ ಉಬ್ಬದೆ. ನಾಲ್ಕೂ ಚಕ್ರ ನೆಲ ಬಿಟ್ಟು ಮರದ ದಿಮ್ಮಿಗಳ ಮೇಲೆ. ಮೊದಲು ಎಲ್ಲ ಸರಳುಗಳನ್ನೂ ಕಳಚಿದೆವು. ಕೋಡಿನಲ್ಲಿ ದೋಷ ಹುಡುಕುವ ಹಾಗೇ, ಅರ್ಧ ಭಾಗ ಬೇರೆ ಮಾಡಿ ತಪ್ಪು ಈಚೆಗೋ ಆಚೆಗೋ ನೋಡೋದು. ಸರಳು ಕಳಚಿದ ಮೇಲೂ ಚಕ್ರ ಬಿಗಿಯಾಗಿದ್ದರೆ ರೋಗ ಡ್ರಮ್ಮಿನೊಳಗೆ, ಸಡಿಲವಾದರೆ ಪೆಡಲಿನ ಕಡೆ. ಮೂರು ಚಕ್ರ ಸಲೀಸಾಗಿ ತಿರುಗಿದವು, ಹಿಂದಿನ ಬಲಗಡೆಯದು ಇಲ್ಲ. ಬಿಚ್ಚಿದರೆ ಶೂ ಅಗಲಿಸುವ ಶಾಫ್ಟಿನ ಗ್ರೀಸು ಒಣಗಿ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು. ಹೋಗುವಾಗ ಕಾಲಿನ ಬಲಕ್ಕೆ ಹೋಗುತ್ತೆ, ವಾಪಸ್ ತರಲು ಬಡಪಾಯಿ ಸ್ಪ್ರಿಂಗಿಗೆ ಆಗಲ್ಲ. ಅದೂ ಸೋತು ಹೋಗಿತ್ತು. ಅಡ್ಡ ಶಾಫ್ಟಿನ ಬುಷ್ಷುಗಳಲ್ಲಿ ತುಕ್ಕು. ಸೀಮೆಎಣ್ಣೆ, ಬ್ರಷ್ಷು, ಹೊಸ ಸ್ಪ್ರಿಂಗು, ಹೊಸ ಗ್ರೀಸು. ಹಳೇ ಬ್ರೇಕಿನ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತೆ, ದಯವಿಟ್ಟು ಆ ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಆಮೇಲೆ ಸರಳಿನ ಉದ್ದ. ನಾನು ಮಾಡಿದ್ದೂ, ನನಗಿಂತ ಮುಂಚಿನವರು ಮಾಡಿದ್ದೂ ಒಂದೇ ತಪ್ಪು. ಈ ಕಾರಿನಲ್ಲಿ ಸರಳು ಬ್ರೇಕನ್ನು ಬಿಗಿ ಮಾಡುವ ಜಾಗವೇ ಅಲ್ಲ. ಪೆಡಲ್ ಪೂರ್ತಿ ಮೇಲಿದ್ದಾಗ, ಚಕ್ರದ ಕಡೆಯ ತೋಳು ಪೂರ್ತಿ ಹಿಂದಿದ್ದಾಗ, ಕೀಲಿನ ಪಿನ್ನು ಎಳೆಯದೆ ತಳ್ಳದೆ ತಾನಾಗಿ ಜಾರಿ ಒಳಗೆ ಬೀಳಬೇಕು, ಅಷ್ಟು ಉದ್ದ. ಬಿಗಿ ಮಾಡುವುದು ಚಕ್ರದ ಹಿಂದಿನ ತಟ್ಟೆಯಲ್ಲಿರುವ ಚೌಕ ತಲೆಯ ತಿರುಪಿನಲ್ಲಿ. ತಿರುಗಿಸಿದರೆ ಒಂದೊಂದೇ ಕಟ್ ಕಟ್ ಅಂತ ಸದ್ದು ಬರುತ್ತೆ.

ಸಮ ಮಾಡೋಕೆ ಒಂದು ಹಲಗೆ ಬೇಕು. ಸೀಟಿಗೂ ಪೆಡಲಿಗೂ ನಡುವೆ ಕೊಟ್ಟು ಪೆಡಲನ್ನು ಬೇರೆ ಬೇರೆ ಆಳದಲ್ಲಿ ಒತ್ತಿ ಹಿಡಿಯುವ ಮೆಟ್ಟಿಲು ಮೆಟ್ಟಿಲಿನ ಹಲಗೆ. ಬಡಗಿಯವರು ಹಲಸಿನ ಮರದಲ್ಲಿ ಮಾಡಿಕೊಟ್ಟರು. ಮೊದಲ ಮೆಟ್ಟಿಲಿನಲ್ಲಿ ನಾಲ್ಕೂ ಚಕ್ರ ಬಿಡುವಾಗಿ ತಿರುಗಬೇಕು. ಮುಂದಿನದರಲ್ಲಿ ಹಿಂದಿನ ಚಕ್ರಗಳು ಸ್ವಲ್ಪ ಉಜ್ಜಬೇಕು. ಕೊನೆಯದರಲ್ಲಿ ಹಿಂದಿನವು ಅಲುಗಬಾರದು, ಮುಂದಿನವು ಎರಡು ಕೈ ಹಾಕಿದರೆ ಕಷ್ಟಪಟ್ಟು ತಿರುಗಬೇಕು. ಮುಂದಿನವು ಮೊದಲೇ ಕಚ್ಚಿಕೊಂಡರೆ ಸ್ಟೀರಿಂಗು ಕೇಳಲ್ಲ, ಅದಕ್ಕೆ. ಕಟ್ ಕಟ್, ಚಕ್ರ ತಿರುಗಿಸು, ಹಲಗೆ ಸರಿಸು, ಮತ್ತೆ ಕಟ್. ಭಾನುವಾರ ಮಧ್ಯಾಹ್ನದವರೆಗೂ ಇದೇ. ಅಜ್ಜ ಕುರ್ಚಿ ಹಾಕಿಸಿಕೊಂಡು ಬಾಗಿಲಲ್ಲಿ ಕೂತು ಒಂದೊಂದು ಚಕ್ರವನ್ನೂ ತಾವೇ ಕೈಯಲ್ಲಿ ತಿರುಗಿಸಿ ನೋಡಿ ಹೂಂ ಅಂದ ಮೇಲೆಯೇ ಮುಂದಿನದು.

ಸಂಜೆ ಅದೇ ಇಳಿಜಾರು. ಮೊದಲು ನಾನೂ ಗೆಳೆಯನೂ ಇಬ್ಬರೇ, ನಡಿಗೆಯ ವೇಗದಲ್ಲಿ, ಮೂರು ಸಲ. ತಿರುವಿನಲ್ಲಿ ಅವನು ಸ್ಟೀರಿಂಗಿನಿಂದ ಕೈ ಸ್ವಲ್ಪ ಸಡಿಲಿಸಿ ಬ್ರೇಕ್ ಒತ್ತಿದ, ಕಾರು ನೇರ ನಿಂತಿತು. ಕಾಲು ತೆಗೆದ, ತಾನಾಗಿ ಉರುಳಿತು. ಕೆಳಗೆ ಹೋಗಿ ನಾಲ್ಕೂ ಡ್ರಮ್ ಮುಟ್ಟಿ ನೋಡಿದೆ, ನಾಲ್ಕೂ ಒಂದೇ ಉಗುರುಬೆಚ್ಚಗೆ.

ಮರುವಾರ ಅಜ್ಜ ಪೇಟೆಗೆ ಹೋಗಿ ಬಂದರಂತೆ. ನಾನು ಆಗ ಬೆಂಗಳೂರಲ್ಲಿ ಮೀಟಿಂಗಿನಲ್ಲಿದ್ದೆ. ಗೆಳೆಯ ಫೋಟೋ ಕಳಿಸಿದ್ದ. ಅಜ್ಜ ಮುಂದಿನ ಸೀಟಲ್ಲಿ ಕೂತಿದ್ದಾರೆ, ಕಾಲಡಿ ಆ ಹಲಸಿನ ಹಲಗೆ. ಯಾಕೆ ತಗೊಂಡು ಹೋದ್ರಿ ಅಂತ ಕೇಳಿದ್ದಕ್ಕೆ, ದಾರಿಯಲ್ಲಿ ಬೇಕಾದರೆ ಅಂತ ಅವರೇ ಇಟ್ಟುಕೊಂಡರಂತೆ.